ಕಳ್ಳನಿಗೆಂದು ತಂದ ಪಿಸ್ತೂಲು

ನಮ್ಮ ಬೀದಿಯ ಎರಡು ಮನೆಗೆ ಕಳ್ಳರು ನುಗ್ಗಿದ ಮೇಲೆ ಡ್ರೈವಿಂಗ್ ಶಾಲೆಯ ಮೇಷ್ಟ್ರು ಲೈಸೆನ್ಸ್ ಮಾಡಿಸಿ ಒಂದು ಪಿಸ್ತೂಲು ತಂದರು. ಗುಂಡು ತುಂಬಿಸಿ, ಟಿ.ವಿ. ಕೆಳಗಿನ ಡ್ರಾಯರಿನಲ್ಲಿಟ್ಟರು. ಅದಕ್ಕೆ ಬೀಗವಿರಲಿಲ್ಲ.

“ಕಳ್ಳ ಬಂದಾಗ ಕೀಲಿಕೈ ಹುಡುಕ್ತಾ ಕೂರ್ಲಾ?” ಎಂದು ಹೆಂಡತಿಯ ಬಾಯಿ ಮುಚ್ಚಿಸಿದರು.

ಪಕ್ಕದ ಮನೆಯ ನರ್ಸಮ್ಮ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನವರು. ಒಂದು ಸಂಜೆ ಬಂದು ಕೂತವರು ನೇರವಾಗಿಯೇ ಹೇಳಿದರು: “ಮೇಷ್ಟ್ರೇ, ಅದನ್ನ ಮನೆಯಿಂದ ಆಚೆ ಕಳಿಸಿ. ಇಲ್ಲಾಂದ್ರೆ ಗುಂಡು ತೆಗೆದು ಬೇರೆ ಇಟ್ಟು, ಬೀಗನಾದ್ರೂ ಹಾಕಿ.”

ಮೇಷ್ಟ್ರು ನಕ್ಕರು. “ಸಿಸ್ಟರ್, ಗುಂಡೇಟಿಗೆ ಸಾಯೋರು ಎಷ್ಟು ಜನ? ಹಾರ್ಟು, ಶುಗರು, ಕ್ಯಾನ್ಸರು ಅಂತ ಹೋಗೋರು ಎಷ್ಟು? ರಸ್ತೇಲಿ ಸಾಯೋರನ್ನ ನೋಡಿದ್ರೆ ಮೊದಲು ನನ್ನ ಕಾರಿಗೆ ಬೀಗ ಹಾಕ್ಬೇಕು.”

“ನಿಜ, ಹಾರ್ಟಿಂದ ಹೋಗೋರೇ ಜಾಸ್ತಿ. ಅದಕ್ಕೇ ಮಾತ್ರೆ ನುಂಗ್ತೀರಿ, ಉಪ್ಪು ಬಿಡ್ತೀರಿ. ಕಾರಿಗೆ ಬ್ರೇಕಿದೆ, ಬೆಲ್ಟಿದೆ. ಪಾಠ ಹೇಳದೆ ಯಾರ ಕೈಗೂ ಸ್ಟೇರಿಂಗ್ ಕೊಡಲ್ಲ ನೀವು. ಈ ಡ್ರಾಯರಿಗೆ ಏನು ಮಾಡಿದೀರಿ?”

ಮೇಷ್ಟ್ರು ಟಿ.ವಿ. ಕಡೆ ತಿರುಗಿದರು.

ನರ್ಸಮ್ಮ ದನಿ ತಗ್ಗಿಸಿದರು. “ಗುಂಡು ತಾಗಿ ನಮ್ಮ ವಾರ್ಡಿಗೆ ಬಂದೋರಲ್ಲಿ ಕಳ್ಳರು ಕಮ್ಮಿ. ಮನೆಯವರೇ ಜಾಸ್ತಿ. ಅದರಲ್ಲೂ ತಮ್ಮ ಕೈಯಾರೆ ಹೊಡ್ಕೊಂಡೋರು. ನಿಮ್ಮ ತಮ್ಮ ಇತ್ತೀಚೆಗೆ ಊಟಾನೇ ಮಾಡ್ತಿಲ್ಲವಂತೆ?”

ದುಡಿಯುತ್ತಿದ್ದ ಪ್ರಿಂಟಿಂಗ್ ಪ್ರೆಸ್ ಮುಚ್ಚಿದ ಮೇಲೆ ಕೆಲಸವಿಲ್ಲದೆ ತಮ್ಮ ಅಣ್ಣನ ಮನೆ ಸೇರಿದ್ದ. ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಿಟಕಿ ಪಕ್ಕ ಸುಮ್ಮನೆ ಕೂರುತ್ತಿದ್ದ.

“ಅವನಿಗೇನಾಗಿದೆ? ಸೋಮಾರಿತನ, ಅಷ್ಟೇ,” ಅಂದರು ಮೇಷ್ಟ್ರು. ಒಳಕೋಣೆಯಲ್ಲಿದ್ದ ತಮ್ಮನಿಗೆ ಅದು ಕೇಳಿಸಿತು.

ಮುಂದಿನ ವಾರ ಅತ್ತಿಗೆ ತರಕಾರಿಗೆ ಹೋಗಿದ್ದಾಗ ಅವನೊಬ್ಬನೇ ಮನೆಯಲ್ಲಿದ್ದ. ಮೇಷ್ಟ್ರು ಅದೇ ಬೀದಿಯ ತಿರುವಿನಲ್ಲಿ ಯಾರಿಗೋ ಕಾರು ಕಲಿಸುತ್ತಿದ್ದರು. ಸದ್ದು ಕೇಳಿ, ಟೈರು ಒಡೆಯಿತೆಂದು ಇಳಿದು ನಾಲ್ಕೂ ಚಕ್ರ ನೋಡಿದರು. ಎಲ್ಲವೂ ಸರಿಯಾಗಿತ್ತು. ಮತ್ತೆ ಹತ್ತಿ ಪಾಠ ಮುಂದುವರಿಸಿದರು. ಮನೆಗೆ ಮರಳಿದ ಹೆಂಡತಿ ಕೂಗಿಕೊಂಡಾಗಲೇ ಅವರಿಗೆ ಗೊತ್ತಾದದ್ದು.

ಆಸ್ಪತ್ರೆಯಲ್ಲಿ ನರ್ಸಮ್ಮನೇ ಡ್ಯೂಟಿಯಲ್ಲಿದ್ದರು. “ಸಿಸ್ಟರ್, ಏನಾದ್ರೂ ಮಾಡಿ,” ಎಂದು ಮೇಷ್ಟ್ರು ಕೈಮುಗಿದರು.

“ಮಾಡೋಕೆ ಏನೂ ಉಳಿದಿಲ್ಲ ಮೇಷ್ಟ್ರೇ.”

ಮನೆಗೆ ಬಂದ ನೆಂಟರೆಲ್ಲ ಹಣೆಬರಹ ಅಂದರು. ಅವರು ಹೋದ ಮೇಲೆ ಹೆಂಡತಿ ಅಂದಳು: “ಹಣೆಬರಹ ಅಲ್ಲ. ಅವನ ಮನಸ್ಸು ಕೆಟ್ಟಿತ್ತು. ಆ ಗಳಿಗೆ ಕಳೆದಿದ್ರೆ ಉಳೀತಿದ್ದನೇನೋ. ಕೈಗೆ ಸಿಗೋ ಹಾಗೆ ಇಟ್ಟೋರು ನಾವು.”

ಮೇಷ್ಟ್ರು ಎದ್ದು ಹೋಗಿ ಟಿ.ವಿ. ಕೆಳಗಿನ ಖಾಲಿ ಡ್ರಾಯರನ್ನು ಮುಚ್ಚಿದರು.

ತನಿಖೆ ಮುಗಿದ ಮೇಲೆ ಪಿಸ್ತೂಲು ಒಯ್ಯುವಂತೆ ಠಾಣೆಯಿಂದ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ಹೋದರು. “ಬೇಡ ಸಾರ್. ಲೈಸೆನ್ಸೂ ನೀವೇ ಇಟ್ಕೊಳ್ಳಿ,” ಅಂದರು ಮೇಷ್ಟ್ರು.

ಇನ್ಸ್‌ಪೆಕ್ಟರ್ ತಲೆ ಎತ್ತಲಿಲ್ಲ. “ಬೇಡ ಅನ್ನೋರು ತುಂಬಾ ಜನ ಬರ್ತಾರೆ. ಎಲ್ಲಾ ಹೀಗೇ, ಆದಮೇಲೆ.”

ಇದನ್ನು ಓದುತ್ತಿರುವ ನೀವು ಆದಮೇಲೆ ಹೋಗಬೇಡಿ. ಮನೆಯಲ್ಲಿ ಬಂದೂಕಿದ್ದರೆ ಇವತ್ತೇ ಗುಂಡು ಬೇರೆ ಮಾಡಿ, ಎರಡನ್ನೂ ಬೀಗದೊಳಗಿಡಿ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ ಬಂದೂಕನ್ನು ಠಾಣೆಗೇ ಒಪ್ಪಿಸಿಬಿಡಿ. ಅವರ ಪಕ್ಕ ಕೂತು, “ಸಾಯಬೇಕು ಅನ್ನಿಸ್ತಿದೆಯಾ?” ಎಂದು ಕೇಳಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ, ವೈದ್ಯರ ಹತ್ತಿರ ನೀವೇ ಕರೆದುಕೊಂಡು ಹೋಗಿ.

ಮೇಷ್ಟ್ರಿಗೆ ಈಗ ಕೇಳಬೇಕೆನಿಸಿದರೂ ಉತ್ತರ ಕೊಡುವವನಿಲ್ಲ. ನಿಮ್ಮವರು ಇನ್ನೂ ಇದ್ದಾರೆ. ಕೇಳಿ.