ಏಳನೇ ಗಲ್ಲಿಯ ತಕ್ಕಡಿ

ಏಳು ದಿನದ ಪ್ರಾರ್ಥನೆ ಮುಗಿದ ಮರುದಿನ ಬೆಳಿಗ್ಗೆ ಬಾಡಿಗೆ ಕುರ್ಚಿಗಳನ್ನು ಒಯ್ದರು. ಚಾಪೆಗಳನ್ನು ಮಸೀದಿಯವರು ಒಯ್ದರು. ಅಡುಗೆಗೆ ಬಂದಿದ್ದ ಹೆಂಗಸರು ಈಗ ಅವರವರ ಮನೆಯಲ್ಲಿದ್ದರು. ವೆನಿಂಗ್ ಬಾಗಿಲ ಮುಂದೆ ಗುಡಿಸಿದಳು. ಗುಡಿಸಿದ್ದನ್ನೇ ಇನ್ನೊಮ್ಮೆ ಗುಡಿಸಿದಳು. ಗಂಡ ಬಾಸ್ಕೊರೊನನ್ನು ಡೆಂಗಿ ಜ್ವರ ನಾಲ್ಕೇ ದಿನದಲ್ಲಿ ಮುಗಿಸಿತ್ತು.

ಗಲ್ಲಿಯವರೆಲ್ಲ 'ಬು', ಅಂದರೆ ಅಮ್ಮ, ಎಂದು ಕರೆಯುವ ಬು ತುಮಿನಿ ಬಾಳೆಯೆಲೆಯಲ್ಲಿ ಬಿಸಿ ತೆಂಪೆ, ಹುದುಗಿಸಿದ ಸೋಯಾದ ಬಿಲ್ಲೆ, ಸುತ್ತಿಕೊಂಡು ಬಂದಳು. ಏಳನೇ ಗಲ್ಲಿಯ ಮಕ್ಕಳನ್ನು ತಿಂಗಳಿಗೊಮ್ಮೆ ತೂಗುವವಳು ಅವಳು. ಹತ್ತೊಂಬತ್ತು ವರ್ಷದಿಂದ, ಸಂಬಳವಿಲ್ಲದೆ.

"ಉಂಡ್ಯಾ?"

"ಉಣ್ತೀನಿ."

"ಉಣ್ತೀನಿ ಅಂದ್ರೆ ಹೊಟ್ಟೆ ತುಂಬಲ್ಲ ಕಣಮ್ಮ. ಹೀಗೇ ಇದ್ರೆ ನಿನ್ನನ್ನೂ ತಕ್ಕಡಿಗೆ ಹಾಕ್ಬೇಕಾಗತ್ತೆ."

ಹೇಳಿದ ಮೇಲೆ ತುಮಿನಿ ನಾಲಿಗೆ ಕಚ್ಚಿಕೊಂಡಳು. ಅವಳ ಕಣ್ಣು ಬಾಗಿಲ ಹಿಂದಿನ ನೀಲಿ ಚೀಲಕ್ಕೆ ಹೋಗಿ ಬಂದದ್ದನ್ನು ವೆನಿಂಗ್ ನೋಡಿದಳು.

"ಅದು ನಿಮ್ಮ ತಕ್ಕಡೀನಾ?"

"ಇರ್ಲಿ ಬಿಡು. ಒಂದು ವಾರಕ್ಕೆ ಅಂತ ನಿನ್ನ ಗಂಡ ಇಸ್ಕೊಂಡು ಹೋಗಿದ್ದ. ಸಾವಿನ ಮನೇಲಿ ಕೇಳೋ ಮಾತಾ ಅದು?"

"ತೂಗೋದು ಯಾವತ್ತು?"

"ನಾಳೆ. ಹೋದ ತಿಂಗಳೂ ತೂಗ್ಲಿಲ್ಲ. ನಾಳೇನೂ ತಪ್ಪಿದ್ರೆ ಮೊಟ್ಟೆ ಪಟ್ಟೀಲಿ ನಮ್ಮ ಗಲ್ಲಿ ಹೆಸರೇ ಇರಲ್ಲ. ಹೋದ್ರೆ ಹೋಗ್ಲಿ, ನಮ್ಮ ಮಕ್ಕಳು ಗಟ್ಟಿಯಾಗೇ ಇದಾವೆ. ನೀನೇ ಬರೆದಿದ್ದೆಯಲ್ಲ."

ಬರೆದಿದ್ದಳು. ವಿಶ್ವವಿದ್ಯಾಲಯದ ಒಂದು ಅಧ್ಯಯನಕ್ಕೆ ಬಾಸ್ಕೊರೊ ಗಲ್ಲಿ ಗಲ್ಲಿ ತಿರುಗಿ ಮಕ್ಕಳ ತೂಕ ತರುತ್ತಿದ್ದ. ವೆನಿಂಗ್ ಮನೆಯಲ್ಲಿ ಕೂತು ಕೋಷ್ಟಕ ಮಾಡುತ್ತಿದ್ದಳು. ನದಿದಂಡೆಯ ಹನ್ನೆರಡು ಗಲ್ಲಿಗಳಲ್ಲಿ ಏಳನೆಯದೇ ಮೇಲು ಎಂದು ಹೋದ ವರ್ಷ ವರದಿಯಲ್ಲಿ ಬರೆದವಳು ಅವಳೇ. ಆ ವರ್ಷ ತೂಕ ಕಡಿಮೆಯಿರುವ ಮಕ್ಕಳಿಗೆಂದು ಆರೋಗ್ಯ ಕೇಂದ್ರ ಹಂಚುವ ಮೊಟ್ಟೆಗಳು ಉಳಿದ ಗಲ್ಲಿಗಳಿಗೆ ಹೋದವು.

ತುಮಿನಿ ಹೋದ ಮೇಲೆ ಅವಳು ಚೀಲ ಬಿಚ್ಚಿದಳು. ಅಂಕಿ ಕೊರೆದ, ಜಾರುವ ಗುಂಡಿರುವ ಕಬ್ಬಿಣದ ದಂಡ, ಜೋಲಿಯಂತೆ ಕಟ್ಟಿ ಮಗುವನ್ನು ಕೂರಿಸುವ ದಪ್ಪ ಬಾಟಿಕ್ ಸರೋಂಗ್, ಸರೋಂಗಿನ ಭಾರಕ್ಕೆ ಸರಿದೂಗಲು ದಂಡದ ಇನ್ನೊಂದು ತುದಿಗೆ ಕಟ್ಟುವ ಮರಳಿನ ಪೊಟ್ಟಣ. ಪೊಟ್ಟಣಕ್ಕೆ ಗಂಡನ ಕೈಬರಹದ ಚೀಟಿ ಅಂಟಿತ್ತು. "ಸರೋಂಗ್ ಬದಲಾಗಿದೆ, ಮರಳು ಹಳೆಯದೇ. ಪ್ರತಿ ಮಗುವಿಗೂ 240 ಗ್ರಾಂ ಹೆಚ್ಚು ತೋರಿಸುತ್ತದೆ. ಬು ತುಮಿನಿಗೆ ಹೇಗೆ ಹೇಳುವುದು?"

ಕೆಳಗಿದ್ದ ತಾರೀಖಿನಿಂದ ಅವನು ಜ್ವರದಿಂದ ಮಲಗಿದ ದಿನದವರೆಗೆ ಹದಿನೆಂಟು ದಿನ. ಹದಿನೆಂಟು ರಾತ್ರಿ ಎದುರು ಕೂತು ಉಂಡಿದ್ದ. ಹೇಳಿರಲಿಲ್ಲ.

ಅವಳು ತನ್ನ ಕೋಷ್ಟಕದಲ್ಲಿದ್ದ ಏಳನೇ ಗಲ್ಲಿಯ ಮೂವತ್ತೊಂದು ಮಕ್ಕಳ ತೂಕದಿಂದ ಇನ್ನೂರ ನಲವತ್ತು ಗ್ರಾಂ ಕಳೆಯುತ್ತ ಹೋದಳು. ಆರು ಮಕ್ಕಳು ಅಪೌಷ್ಟಿಕತೆಯ ಗೆರೆಯ ಕೆಳಗಿಳಿದರು. ಅವರಲ್ಲಿ ಒಬ್ಬಳು ಲಾಸ್ಮಿಯ ಮಗಳು ಕೆನಂಗ. ಎರಡು ವರ್ಷ ತುಂಬಿದರೂ ಗೋಡೆ ಹಿಡಿದೇ ನಡೆಯುತ್ತಿದ್ದ ಮಗು.

ಸುಮ್ಮನೆ ಪೊಟ್ಟಣಕ್ಕೆ ಮರಳು ಸೇರಿಸಿ ಕೊಟ್ಟುಬಿಡಬಹುದಿತ್ತು. ಆಗ ನಾಳೆ ಎಲ್ಲ ಮಕ್ಕಳೂ ಒಮ್ಮೆಲೇ ಇಳಿಯುತ್ತಾರೆ. ಕಾಲು ಕಿಲೋ ಎಲ್ಲಿ ಹೋಯಿತು, ಮಗುವಿಗೆ ಏನು ಹಾಕುತ್ತೀಯ ಎಂದು ತುಮಿನಿ ತಾಯಂದಿರನ್ನು ಎಲ್ಲರೆದುರು ಬೈಯುತ್ತಾಳೆ. ಆರೋಗ್ಯ ಕೇಂದ್ರದವರು 'ತಾಯಿಯ ಅಲಕ್ಷ್ಯ' ಎಂಬ ಕಾಲಮಿನಲ್ಲಿ ಗುರುತು ಹಾಕುತ್ತಾರೆ. ಆ ಕಾಲಮನ್ನು ಮಾಡಿಟ್ಟವಳೂ ವೆನಿಂಗ್.

ಮರುದಿನ ಜನ ಸೇರುವ ಮೊದಲೇ ಅವಳು ಗಲ್ಲಿಯ ಚಪ್ಪರಕ್ಕೆ ಹೋದಳು. ತೊಲೆಗೆ ತಕ್ಕಡಿ ನೇತುಹಾಕಿ, ಗುಂಡನ್ನು ಸೊನ್ನೆಗೆ ತಂದು, ಒಂದು ತುದಿಗೆ ಮರಳಿನ ಪೊಟ್ಟಣ, ಇನ್ನೊಂದಕ್ಕೆ ಖಾಲಿ ಸರೋಂಗ್ ಕಟ್ಟಿದಳು. ಸರೋಂಗಿನ ಕಡೆ ದಂಡ ಕೆಳಗೆ ಹೋಯಿತು. ಆಗಲೇ ಬಂದಿದ್ದ ತುಮಿನಿ ಅದನ್ನು ನೋಡುತ್ತ ನಿಂತಳು.

"ಹಳೇ ಸರೋಂಗ್ ಹರಿದಿತ್ತು," ಎಂದಳು. "ಮಕ್ಕಳಿಗೆ ಮೆತ್ತಗಿರ್ಲಿ ಅಂತ ನನ್ನ ಮಗಳ ಮದುವೇದು ಕೊಟ್ಟೆ."

"ಗೊತ್ತು. ಸರೋಂಗ್ ಬದಲಾಗಿದೆ ಅಂತ ಅವರು ಚೀಟೀಲಿ ಬರೆದಿಟ್ಟಿದ್ರು."

"ಯಾವಾಗಿನಿಂದ ಅಂತ ಗೊತ್ತಾ? ಎರಡು ವರ್ಷ ಆಯ್ತು. ನಿನ್ನ ಗಂಡ ನನ್ನ ಹತ್ರ ಕಾಫಿ ಕುಡಿದು, ಬಾಯಿ ಮುಚ್ಕೊಂಡು ಹೋದ."

"ನನ್ನ ಹತ್ರಾನೂ ಮುಚ್ಕೊಂಡೇ ಇದ್ರು. ನಿಮ್ಮ ಅಂಕಿ ನೋಡಿ ಹೊಗಳಿದ್ದು ನಾನು. ತೂಗೋದನ್ನ ಒಂದ್ಸಲನೂ ಬಂದು ನೋಡ್ಲಿಲ್ಲ. ಬೇಕಾದ್ರೆ ತಾಯಂದಿರಿಗೆ ನಾನೇ ಹೇಳ್ತೀನಿ."

"ಸುಮ್ನಿರು. ಓದಿದವರು ಹೇಳಿದ್ರೆ ಮಧ್ಯಾಹ್ನ ಆಗತ್ತೆ."

ತಾಯಂದಿರು ಒಬ್ಬೊಬ್ಬರಾಗಿ ಬಂದರು. ತುಮಿನಿ ಸೊಂಟಕ್ಕೆ ಕೈ ಕೊಟ್ಟಳು.

"ಕೇಳ್ರೇ. ಎರಡು ವರ್ಷದಿಂದ ನನ್ನ ಸರೋಂಗ್ ನಿಮ್ಮ ಮಕ್ಕಳ ಮೊಟ್ಟೆ ತಿಂದಿದೆ. ಇವತ್ತು ತೂಕ ಇಳಿದ್ರೆ ಅದು ನಿಮ್ಮ ತಪ್ಪಲ್ಲ. ಬೈಯೋದಿದ್ರೆ ನನ್ನ ಬೈರಿ, ಆದ್ರೆ ಸಾಲಲ್ಲಿ ನಿಂತು ಬೈರಿ."

ಒಬ್ಬಿಬ್ಬರು ನಕ್ಕರು. ಲಾಸ್ಮಿ ನಗಲಿಲ್ಲ. ಕೆನಂಗಳನ್ನು ಸೊಂಟದ ಮೇಲೆ ಇನ್ನಷ್ಟು ಮೇಲೆತ್ತಿಕೊಂಡು ಸಾಲಿನ ಮುಂದಕ್ಕೆ ಬಂದಳು. ಯಾರೂ ಅಡ್ಡ ಬರಲಿಲ್ಲ.

ತುಮಿನಿ ಕಾಫಿ ಚಮಚದಲ್ಲಿ ಪೊಟ್ಟಣಕ್ಕೆ ಮರಳು ಸುರಿದಳು. ವೆನಿಂಗ್ ತಕ್ಕಡಿಯ ಹಗ್ಗ ಹಿಡಿದು ನಿಂತಿದ್ದಳು. ಹನ್ನೊಂದನೆಯ ಚಮಚಕ್ಕೋ ಹನ್ನೆರಡನೆಯದಕ್ಕೋ ದಂಡ ಯಾವ ಕಡೆಗೂ ವಾಲದೆ ಸಮವಾಗಿ ನಿಂತಿತು.

"ಅವರು ಇಸ್ಕೊಂಡಿದ್ದು," ಎಂದು ಅವಳು ಹಗ್ಗವನ್ನು ತುಮಿನಿಯ ಕೈಗೆ ಕೊಟ್ಟಳು. "ತಡ ಆಯ್ತು."