ಮಡಚಿದ ಕಾಗದಕ್ಕೆ ಬಿದ್ದ ಪ್ರಸಾದ

ನೀತಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸಂಜೆಯಾಯಿತೆಂದರೆ ಭಾವಿಕೇರಿಯ ಮನೆಯಂಗಳದಲ್ಲಿ ಅಂಗಾಲು ಸುಟ್ಟ ಬೆಕ್ಕಿನಂತೆ ತಿರುಗುವಳು. ಆ ಹೊತ್ತಿಗೆ ಕಾರವಾರದ ಕೇಬಲ್ ವಾಹಿನಿಯಲ್ಲಿ ‘ಹಾಡಿನ ಕಟ್ಟೆ’ ಶುರುವಾಗುತ್ತಿತ್ತು. ಇಷ್ಟು ವರ್ಷ ಅದನ್ನು ನಡೆಸಿದವಳು ಅವಳೇ. ಫೋನ್ ಮಾಡಿದವರಿಗೆ ಯಾವ ಹಾಡು ಬೇಕೆಂದು ಕೇಳುವ ಮೊದಲು, “ಇವತ್ತು ಎಂತ ಮೀನು?” ಎಂದು ಕೇಳುವಳು. ಆ ಒಂದು ಮಾತಿಗಾಗಿಯೇ ಕಾರವಾರದಿಂದ ಅಂಕೋಲೆಯವರೆಗೆ ಜನ ಟಿ.ವಿ. ಮುಂದೆ ಕೂರುತ್ತಿದ್ದರು. ಬಸ್ಸಿನ ಕಂಡಕ್ಟರ್ ಕೂಡ ಟಿಕೆಟ್ ಹರಿಯುವ ಮೊದಲು ಅವಳನ್ನೇ ಎಂತ ಮೀನು ಎಂದು ಕೇಳುತ್ತಿದ್ದ.

ಅಂಥವಳನ್ನು ವಾಹಿನಿಯ ಮಾಲೀಕ ಮಂಗೇಶ ಕರೆದು, “ನಾಳಿಂದ ಬರುದು ಬೇಡ” ಎಂದುಬಿಟ್ಟ. ಜಾಹೀರಾತು ಕೊಡುತ್ತಿದ್ದ ಮೊಬೈಲ್ ಅಂಗಡಿಯವನ ಮಗಳು ರಕ್ಷಿತಾ ಈಗ ಅದೇ ಕುರ್ಚಿಯಲ್ಲಿ ಕೂತು ಅದೇ ಮೀನು ಕೇಳುತ್ತಿದ್ದಳು. ಕೇಳಲಿ ಬಿಡು, ಮಾತೇನು ಯಾರಪ್ಪನ ಮನೆ ಆಸ್ತಿಯೇ ಎಂದುಕೊಂಡಳು ನೀತಾ. ಅಂಕೋಲೆಯಲ್ಲಿ ಹೊಸ ವಾಹಿನಿ ತೆರೆಯುತ್ತಿದ್ದ ಸಂದೇಶ ಅವಳನ್ನು ಕೆಲಸಕ್ಕೆ ಕರೆದಿದ್ದ.

ಸುದ್ದಿ ತಿಳಿದ ಮಂಗೇಶ ಫೋನಿನಲ್ಲಿ ನಕ್ಕ. “ಕರಾರು ಓದಿಲ್ವನೆ? ನಮ್ಮನ್ನ ಬಿಟ್ಟ ಮೇಲೆ ಮೂರು ವರ್ಷ ಬೇರೆ ಯಾವ ಮೈಕಿನ ಮುಂದೂ ಬಾಯಿ ತೆಗಿಯೂ ಹಾಂಗಿಲ್ಲ. ತೆಗದ್ರೆ ಕೋರ್ಟು.”

ಓದಿರಲಿಲ್ಲ! ಓದುವುದು ಉದ್ಧಟತನವಾಗುತ್ತಿತ್ತು. ಹೋದ ವರ್ಷ ಕರಾರನ್ನು ಹೊಸದಾಗಿ ಬರೆದಾಗ, ಸಹಿಗೆ ಮೊದಲು ಹೆತ್ತ ಆಯಿ ಜಯಂತಿ ಆ ಕಾಗದವನ್ನು ಊರ ದೇವಿಯ ಮುಂದಿಟ್ಟು ಪ್ರಸಾದ ಕೇಳಿಸಿದ್ದಳು. ಪೂಜಾರಿ ಬೀರು ಗುನಗ ಹೂವಿನ ಒದ್ದೆ ಎಸಳನ್ನು ಮೂರ್ತಿಗೆ ಹಚ್ಚಿ, ಒಪ್ಪಿಗೆಯಿದ್ದರೆ ಬಲಕ್ಕೆ ಕೊಡು, ಇಲ್ಲದಿದ್ದರೆ ಎಡಕ್ಕೆ ಕೊಡು ತಾಯೇ ಎಂದು ಬೇಡಿಕೊಂಡಿದ್ದ. ಎಸಳು ಬಲಕ್ಕೇ ಬಿತ್ತು. ದೇವಿಯೇ ಹೂಂ ಅಂದ ಮೇಲೆ ಮತ್ತೆ ಓದುವುದೆಂದರೆ ಅವಳ ಮೇಲೇ ಅನುಮಾನಪಟ್ಟಂತೆ.

“ದೇವಿ ಹೇಳೇ ಕಟ್ಟಿದ್ದು, ಬಿಡಿಸುದನ್ನೂ ಅವಳೇ ಹೇಳ್ಲಿ” ಎಂದು ಜಯಂತಿ ಮಂಗೇಶನ ಆಫೀಸಿಗೇ ಹೋಗಿ ಕೂತಳು. ಸುತ್ತ ಅವನ ಸಿಬ್ಬಂದಿ. ದೈವಭಕ್ತನೆಂದು ಹೆಸರು ಮಾಡಿಕೊಂಡವನು ಇಲ್ಲ ಅನ್ನುವುದು ಹೇಗೆ? “ಬಲಕ್ಕೆ ಬಿದ್ರೆ ಕರಾರು ಹರಿತೆ. ಎಡಕ್ಕೆ ಬಿದ್ರೆ ಇವಳು ಮೂರು ವರ್ಷ ಸುಮ್ನಿರ್ಬೇಕು” ಅಂದ.

ಶುಕ್ರವಾರ ಬೆಳಿಗ್ಗೆ ಗುಡಿಯಲ್ಲಿ ಅರ್ಧ ಊರೇ ಸೇರಿತ್ತು. ಗುನಗ ಎಸಳು ಹಚ್ಚಿದ. ಕಾದರು. ಎಸಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗುನಗ ಮತ್ತೆ ಬೇಡಿಕೊಂಡ, ಮಂಗೇಶ ವಾಚು ನೋಡಿಕೊಂಡ. ನೀತಾ ಕಂಬದಿಂದ ಕಂಬಕ್ಕೆ ತಿರುಗುತ್ತಿದ್ದಳು. ಮೂರು ವರ್ಷ! ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರೆ ಆಮೇಲೆ ಅವಳನ್ನು ಯಾರು ಕರೆದಾರು? ಇಡೀ ಬದುಕು ಒಂದು ಹೂವಿನ ಎಸಳಿಗೆ ಅಂಟಿಕೊಂಡಿದೆಯಲ್ಲ ಎಂದು ರೇಗಿಹೋಯಿತು. ಚೀಲಕ್ಕೆ ಕೈ ಹಾಕಿ ಕರಾರು ಹೊರಗೆಳೆದಳು.

“ಎಂತ ಮಾಡ್ತ್ಯೆ ಮಗಾ?” ಎಂದಳು ಆಯಿ.

“ದೇವಿಗೆ ಓದಿ ಹೇಳ್ತೆ. ಅಂದು ಅವಳ ಮುಂದೆ ಇಟ್ಟದ್ದು ಮಡಚಿದ ಕಾಗ್ದ ಅಲ್ವನೆ ಆಯಿ? ಒಳಗೆ ಎಂತ ಬರದಾರೆ ಅಂತ ಅವಳಿಗಾದ್ರೂ ಹೆಂಗೆ ಗೊತ್ತಾಗ್ಬೇಕು?”

ಮೊದಲ ಸಾಲನ್ನು ತಡವರಿಸುತ್ತ ಓದಿದಳು. ಎರಡನೆಯದಕ್ಕೆ ಹಳೆಯ ದನಿ ಮರಳಿತು, ‘ಹಾಡಿನ ಕಟ್ಟೆ’ಯ ದನಿ. ಗುಡಿಯ ಹೊರಗಿದ್ದವರೂ ಒಳಗೆ ಇಣುಕಿದರು. ಕರಾರಿನ ಪ್ರಕಾರ ಅವಳ ಮುಖ ವಾಹಿನಿಯದಂತೆ. ದನಿ ವಾಹಿನಿಯದಂತೆ. ಕೊನೆಯ ಕಲಮಿಗೆ ಬಂದಾಗ ಅವಳಿಗೇ ನಗು ತಡೆಯಲಿಲ್ಲ. “‘ಇವತ್ತು ಎಂತ ಮೀನು’ ಎಂಬ ಮಾತು ವಾಹಿನಿಯ ಸ್ವತ್ತಾಗಿದ್ದು, ನಿರೂಪಕಿಯು ಅದನ್ನು ಬೇರೆಲ್ಲೂ ಬಳಸತಕ್ಕದ್ದಲ್ಲ.”

“ಅಯ್ಯೋ ದೇವ್ರೆ!” ಮೀನು ಮಾರುವ ಹೊನ್ನಮ್ಮ ಹಿಂದಿನಿಂದ ಕೂಗಿದಳು. “ನನ್ನ ಬುಟ್ಟಿ ಮುಂದೆ ದಿನಾ ಎಲ್ಲರೂ ಅದನ್ನೇ ಕೇಳ್ತ್ರಲ್ಲ! ಅವ್ರಿಗೆಲ್ಲ ನೋಟೀಸು ಕೊಡ್ತ್ರಾ ಒಡ್ಯಾ?”

ಗುಡಿಯೆಂಬುದನ್ನೂ ಮರೆತು ಜನ ಘೊಳ್ಳೆಂದು ನಕ್ಕರು. ಮಂಗೇಶ ಇಂಗು ತಿಂದ ಮಂಗನಂತೆ ನಿಂತ.

ಆಗಲೇ ಗುನಗ ಗಾಬರಿಯಿಂದ, “ಬಿದ್ದೋಯ್ತು!” ಎಂದದ್ದು. ಎಸಳು ಮೂರ್ತಿಯ ಮೇಲಿರಲಿಲ್ಲ. ಬೆಳಗಿನ ಪೂಜೆಯ ಹೂರಾಶಿಯಲ್ಲಿ ಎಲ್ಲೋ ಬೆರೆತುಹೋಗಿತ್ತು.

“ಯಾವ ಬದಿಗೆ ಬಿತ್ತು?” ಮಂಗೇಶ ಮುಂದೆ ಬಂದ.

ಯಾರೂ ನೋಡಿರಲಿಲ್ಲ. ಎಲ್ಲರೂ ನೀತಾಳನ್ನೇ ನೋಡುತ್ತಿದ್ದರು, ಗುನಗನೂ ಸೇರಿ.

“ಇನ್ನೊಂದ್ಸಲ ಹಚ್ಚಿ” ಎಂದ ಮಂಗೇಶ.

“ಬೇಡ ಗುನಗರೆ” ಎಂದಳು ನೀತಾ. “ಕೋರ್ಟಿಗೆ ಹೋಗುದಾದ್ರೆ ಹೋಗಿ ಮಂಗೇಶಣ್ಣ. ಅಲ್ಲೂ ನಾನು ಬಾಯಿ ಬಿಡ್ಲೇಬೇಕಲ್ಲ.”

ಹೊರಗೆ ಬಂದು ಅವಳು ಸಂದೇಶನ ನಂಬರು ಒತ್ತುತ್ತಿದ್ದಾಗ ಆಯಿ ತೋಳು ಹಿಡಿದು ಜಗ್ಗಿದಳು. ಕಣ್ಣಲ್ಲಿ ಇನ್ನೂ ಹೆದರಿಕೆಯಿತ್ತು. “ಹೌದೆ, ದೇವಿ ಎಂತ ಹೇಳಿದ್ಲೆ ಕಡೆಗೆ?”

“ಹೇಳ್ಲಿಲ್ಲ ಆಯಿ” ಎಂದಳು ನೀತಾ. “ನಾ ಓದಿದ್ದನ್ನ ಕೇಳ್ತಾ ಇದ್ಲು.”