ಬಡ್ಡಿ ಮೇಡಂ ಸಾಲ ಬೇಡವೆಂದದ್ದು

ಚಹಾ ಕುಡಿದ ಮೇಲೆ ಹಣ ಕೊಡುವವರು ಸಾಮಾನ್ಯರು. ಚಹಾ ಬರುವ ಮೊದಲೇ ಕೊಡುವವರು ಸಜ್ಜನರು. ನೀರು ಕುದಿಯುವುದಕ್ಕೂ ಮೊದಲೇ ಕೊಟ್ಟು, ಚಿಲ್ಲರೆ ಇಸಿದುಕೊಂಡು, ಕೈಕಟ್ಟಿ ನಿಲ್ಲುವವರು ಭೂಮಂಡಲದಲ್ಲಿ ಒಬ್ಬರೇ ಒಬ್ಬರು, ಅವರು ಒಂದು ಗಾಜಿನ ಬಾಟಲಿ ಕಾರ್ಖಾನೆಯ ಹಣಕಾಸು ಮುಖ್ಯಸ್ಥೆ. ಯಾರ ಋಣವನ್ನೂ ಅರೆಗಳಿಗೆ ಹೊರಲಾರದ ಈ ಮಹಾತಾಯಿಯ ಬಗ್ಗೆ ಕಾರ್ಖಾನೆಯಲ್ಲಿ ಒಂದು ಪುರಾಣವೇ ಬೆಳೆದಿತ್ತು. ಒಮ್ಮೆ ಹಲ್ಲಿನ ವೈದ್ಯರಲ್ಲಿಗೆ ಹೋಗಿ ಹಲ್ಲು ಕೀಳುವ ಶುಲ್ಕವನ್ನು ಮೊದಲೇ ಮೇಜಿನ ಮೇಲಿಟ್ಟರಂತೆ. ಬಾಯಿ ತೆರೆಸಿ ನೋಡಿದರೆ ಹಲ್ಲು ಗಟ್ಟಿಮುಟ್ಟಾಗಿದೆ. ಪಾಪ, ವೈದ್ಯರು ದಾಕ್ಷಿಣ್ಯಕ್ಕೆ ಬಿದ್ದು ಕಿತ್ತೇಬಿಟ್ಟರಂತೆ. ಇನ್ನು ಕುಲುಮೆಯ ಮೇಸ್ತ್ರಿಯ ಪ್ರಕಾರ, ಆಕೆ ಹುಟ್ಟುವಾಗಲೇ ಸೂಲಗಿತ್ತಿಯ ಕೂಲಿಯನ್ನು ಮುಷ್ಟಿಯಲ್ಲಿ ಹಿಡಿದು ಬಂದಿದ್ದರು.

ಸೋಜಿಗವೆಂದರೆ, ಆ ಕಾರ್ಖಾನೆಯನ್ನು ಕುತ್ತಿಗೆಮಟ್ಟ ಸಾಲದಲ್ಲಿ ಇಳಿಸಿದವರೂ ಈಕೆಯೇ. ಅದಕ್ಕೇ ಬಡ್ಡಿ ಮೇಡಂ ಎಂಬ ಬಿರುದು ಬಂದದ್ದು. ಎದುರುಗಾಳಿಗೆ ಎದೆಯೊಡ್ಡಿದವರ ಹಾಗೆ ಮುಂದಕ್ಕೆ ವಾಲಿ, ಸಣ್ಣ ಹೆಜ್ಜೆಗಳಲ್ಲಿ ಬಿರಬಿರನೆ ನಡೆಯುತ್ತಿದ್ದರು. ಬೆಂಕಿಯ ಝಳಕ್ಕೆ ಉಳಿದವರೆಲ್ಲ ಬೆವರಿ ತೊಪ್ಪೆಯಾಗುವ ಕಡೆಯಲ್ಲೂ ಬೂದುಬಣ್ಣದ ದಪ್ಪ ಕೋಟಿನ ಗುಂಡಿಯನ್ನು ಕತ್ತಿನವರೆಗೆ ಹಾಕಿರುತ್ತಿದ್ದರು. ಯಾರು ಯಾವ ಸಂಖ್ಯೆ ಹೇಳಿದರೂ ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ತೆರಿಗೆ ಕಳೆದಾ?" ಗುಮಾಸ್ತನೊಬ್ಬ ಹಿಗ್ಗಿ ಹೀರೇಕಾಯಾಗಿ, ಮಗಳಿಗೆ ತೊಂಬತ್ತು ಅಂಕ ಬಂತೆಂದು ಹೇಳಿದಾಗಲೂ ಅವರು ಕೇಳಿದ್ದು ಅದನ್ನೇ.

ಕಾರ್ಖಾನೆಯ ಯಜಮಾನರಿಗೆ ಈಕೆ ಮೊದಮೊದಲು ಸಿಂಹಸ್ವಪ್ನವಾಗಿದ್ದರು. ಯಜಮಾನರ ತಂದೆ ಒಂದು ಮೊಳೆಯನ್ನೂ ಕಡ ತಂದವರಲ್ಲ. ಸಾಲವೆಂದರೆ ಆ ಮನೆತನದಲ್ಲಿ ಮಕ್ಕಳ ಮುಂದೆ ಆಡಬಾರದ ಮಾತು. ಅಂಥ ಮನೆಯ ಮಗನನ್ನು ಬಡ್ಡಿ ಮೇಡಂ ವರ್ಷಗಟ್ಟಲೆ ತಲೆ ತಿಂದು ದಾರಿಗೆ ತಂದರು. ಎರಡು ಗಾಜಿನ ಜಾಡಿಗಳ ತುಂಬ ನೀರು ಸುರಿದು ಅವರ ಮುಂದಿಟ್ಟು, "ಇದು ವರ್ಷದ ಲಾಭ ಅಂದ್ಕೊಳ್ಳಿ" ಎಂದರು. ಮೊದಲನೆಯ ಜಾಡಿ ಸ್ವಂತ ಬಂಡವಾಳದ ಕಂಪನಿಯದು: ಸರ್ಕಾರ ಬಂದು ಇಡೀ ಜಾಡಿಯ ಲೆಕ್ಕದಲ್ಲಿ ದೊಡ್ಡ ಲೋಟ ತುಂಬಿಸಿಕೊಳ್ಳುತ್ತದೆ, ಮಿಕ್ಕದ್ದು ಮಾಲೀಕನಿಗೆ. ಎರಡನೆಯದು ಸಾಲ ಮಾಡಿದ ಕಂಪನಿಯದು: ಮೊದಲು ಬ್ಯಾಂಕು ಬಡ್ಡಿಯೆಂದು ಒಂದು ಪಾಲು ಬಗ್ಗಿಸಿಕೊಳ್ಳುತ್ತದೆ, ಅದನ್ನು ಕಾನೂನು ಖರ್ಚೆಂದು ಒಪ್ಪುತ್ತದೆ, ಉಳಿದದ್ದಕ್ಕೆ ಮಾತ್ರ ಸರ್ಕಾರದ ಲೋಟ. "ಮಾಲೀಕರಿಗೆ ಕೊಡೋ ಲಾಭಾಂಶಕ್ಕೆ ಈ ರಿಯಾಯಿತಿ ಇಲ್ಲ. ನೂರು ಬಡ್ಡಿ ಕಟ್ಟಿದರೆ ನಲವತ್ತು ತೆರಿಗೇಲಿ ಉಳಿಯುತ್ತೆ. ಅಂದ್ರೆ ನಿಮ್ಮ ಬಡ್ಡೀಲಿ ನಲವತ್ತು ಸರ್ಕಾರಾನೇ ಕಟ್ಟಿದ ಹಾಗೆ."

ಯಜಮಾನರ ಕಣ್ಣು ತೆರೆಯಿತು. ತೆರೆದದ್ದು ಸ್ವಲ್ಪ ಹೆಚ್ಚೇ ಆಯಿತು. ಹೊಸದಾಗಿ ಮತಾಂತರಗೊಂಡವರ ಭಕ್ತಿ ಗುರುವಿನ ಭಕ್ತಿಗಿಂತ ಜೋರು. ಬಾಟಲಿ ಎರೆಯುವ ಹೊಸ ಅಚ್ಚಿನ ಯಂತ್ರ ಸಾಲದಲ್ಲಿ ಬಂತು, ಲಾರಿಗಳು ಸಾಲದಲ್ಲಿ ಬಂದವು, ಯಜಮಾನರು ನೆಂಟರಿಷ್ಟರ ಊಟದ ಮೇಜಿನಲ್ಲೂ ಜಾಡಿ ತರಿಸಿ ನೀರು ಸುರಿದು ಸಾಲಮಹಾತ್ಮೆಯನ್ನು ಬೋಧಿಸತೊಡಗಿದರು. ಸಾಲವಿಲ್ಲದ ಕಂಪನಿಯವರನ್ನು ಕಂಡರೆ "ಅಯ್ಯೋ ಪಾಪ" ಎಂದು ಮರುಗುತ್ತಿದ್ದರು. ಮೇಡಂ ಮಾತ್ರ ಪ್ರತಿಸಲವೂ ಸಾಲದ ಮೊತ್ತ ಇಷ್ಟೇ ಸಾಕೆಂದು ಎಲ್ಲೋ ಒಂದು ಕಡೆ ತಡೆದು ನಿಲ್ಲಿಸುತ್ತಿದ್ದರು. ಶಿಷ್ಯರಿಗೆ ಅದು ಗುರುವಿನ ವಯೋಸಹಜ ಅಳುಕಿನಂತೆ ಕಾಣುತ್ತಿತ್ತು.

ಹೀಗಿರುವಾಗ ಯಜಮಾನರ ದೊಡ್ಡಪ್ಪನ ಮಗನ ಬಾಟಲಿ ಕಾರ್ಖಾನೆ ಮಾರಾಟಕ್ಕೆ ಬಂತು. ಈ ದಾಯಾದಿ ಹಿಂದೊಮ್ಮೆ ತುಂಬಿದ ಸಭೆಯಲ್ಲಿ ಯಜಮಾನರ ಬಾಟಲಿಗಳನ್ನು ಎತ್ತಿ ಹಿಡಿದು, "ಇವು ನೇರವಾಗಿ ನಿಲ್ಲೋದೇ ದೊಡ್ಡದು" ಎಂದು ನಕ್ಕಿದ್ದ. ಆ ನಗೆಯ ಬಾಕಿ ಚುಕ್ತಾ ಮಾಡುವ ದಿನ ಬಂತೆಂದು ಯಜಮಾನರು ಟೊಂಕ ಕಟ್ಟಿದರು. ಕೊಳ್ಳುವ ಹಣವೆಲ್ಲ ಬ್ಯಾಂಕಿನದು. ಅದಕ್ಕೆ ಒತ್ತೆ, ತಂದೆ ಕಟ್ಟಿಸಿದ ಕುಲುಮೆ ಮತ್ತು ಅದು ನಿಂತ ನೆಲ. ಪತ್ರಕ್ಕೆ ಯಜಮಾನರ ಸಹಿಯ ಜೊತೆಗೆ ಹಣಕಾಸು ಮುಖ್ಯಸ್ಥೆಯ ಸಹಿಯೂ ಬೇಕು. ಬಡ್ಡಿ ಮೇಡಂಗೆ ಹಬ್ಬದೂಟ ಬಡಿಸಿದ ಹಾಗಾಯಿತೆಂದು ಎಲ್ಲರೂ ತಿಳಿದರು.

ಸಹಿಯ ದಿನ ಕುಲುಮೆಯ ಮೇಲಂತಸ್ತಿನ ಕೋಣೆಯಲ್ಲಿ ಬ್ಯಾಂಕಿನ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಕುಳಿತಿದ್ದರು. ಪಕ್ಕದಲ್ಲಿ ಕಂಪನಿಯ ಇನ್ನೊಬ್ಬ ಪಾಲುದಾರಳಾದ ಯಜಮಾನರ ತಂಗಿ. ಮೇಡಂ ಬಿರಬಿರನೆ ಬಂದರು, ಕೂರಲಿಲ್ಲ.

"ಈ ಸಾಲ ಬೇಡ" ಎಂದರು.

ಯಜಮಾನರು ನಕ್ಕರು. "ಯಾಕ್ರೀ, ಕಮ್ಮಿ ಆಯ್ತಾ?"

"ಬೇಡ ಅಂದೆ. ಹಳೇದರಲ್ಲೂ ಒಂದಷ್ಟು ತೀರಿಸಿಬಿಡೋಣ."

ತಂಗಿ ಗಾಬರಿಯಾದಳು. "ಜ್ವರ ಗಿರ ಬಂದಿದೆಯೇನ್ರೀ ನಿಮಗೆ?"

ಗುರುವಿಗೆ ಮಂಕು ಕವಿದಾಗ ಶಿಷ್ಯನೇ ಧರ್ಮವನ್ನು ಎತ್ತಿ ಹಿಡಿಯಬೇಕಷ್ಟೆ. ಯಜಮಾನರು ಎದ್ದರು, ಜಾಡಿಗಳನ್ನು ತರಿಸಿದರು, ತೋಳು ಮಡಚಿ ನೀರು ಸುರಿದರು. ಬ್ಯಾಂಕು, ಬಡ್ಡಿ, ಖರ್ಚು, ಲೋಟ ಎಂದು ಬಡ್ಡಿ ಮೇಡಂಗೇ ಬಡ್ಡಿಪಾಠ ಮಾಡಿದರು, ಅದೂ ಅವರದೇ ಧಾಟಿಯಲ್ಲಿ, ಒಂದು ಹನಿ ಚೆಲ್ಲದೆ. ಅಧಿಕಾರಿ ತಲೆದೂಗಿದರು.

ಮೇಡಂ ಕೊನೆಯವರೆಗೆ ಕೇಳಿದರು. ಆಮೇಲೆ ದೊಡ್ಡ ಲೋಟವನ್ನು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ಒಂದು ಪುಟ್ಟ ಲೋಟವನ್ನಿಟ್ಟರು.

"ಸರ್ಕಾರದ ಲೋಟ ಈಗ ಇದು. ತೆರಿಗೆ ದರ ಅರ್ಧ ಇಳಿಸಿದ್ದಾರೆ. ನೂರು ಬಡ್ಡಿಗೆ ನಲವತ್ತು ಉಳೀತಿದ್ದದ್ದು ಇನ್ಮೇಲೆ ಇಪ್ಪತ್ತೇ." ಜಾಡಿಯ ಮೈಮೇಲೆ ಉಗುರಿನಿಂದ ಗೀಚಿದರು. "ಬಡ್ಡೀನ ಖರ್ಚು ಅಂತ ತೋರಿಸೋದಕ್ಕೂ, ಲಾಭದಲ್ಲಿ ಇಷ್ಟು ಪಾಲಿನವರೆಗೆ ಮಾತ್ರ ಅಂತ ಒಂದು ಗೆರೆ ಎಳೆದಿದ್ದಾರೆ. ಹಳೇ ಸಾಲದ ಬಡ್ಡೀನೇ ಆ ಗೆರೆ ಮುಟ್ಟಿದೆ. ಈ ಹೊಸದು ಪೂರ್ತಿ ಆಚೆ. ಇದಕ್ಕೆ ಒಂದು ಕಾಸೂ ರಿಯಾಯಿತಿ ಸಿಗಲ್ಲ, ನೂರಕ್ಕೆ ನೂರೂ ನಾವೇ ಕಟ್ಟಬೇಕು."

"ಕಟ್ಟೋಣ! ಅವನ ಕಾರ್ಖಾನೆ ಬೇರೆಯವರ ಪಾಲಾಗುತ್ತಲ್ರೀ!"

"ಆಗಲಿ."

"ಆಗಲಿ ಅಂತೀರಾ?"

"ಔಷಧಿ ಕಂಪನಿಯವರು ಒಂದು ವರ್ಷ ಬಾಟಲಿ ತಗೊಳ್ಳಲಿಲ್ಲ ಅನ್ನಿ. ನಿಮಗೂ ತಂಗಿಯವರಿಗೂ ಈ ಸಲ ಲಾಭಾಂಶ ಇಲ್ಲ ಅಂದ್ರೆ ನನ್ನ ಬೈಕೊಂಡು ಸುಮ್ಮನಾಗ್ತೀರಿ. ಇವರಿಗೆ ಹಾಗೆ ಹೇಳಕ್ಕಾಗುತ್ತಾ?" ಎಂದು ಅಧಿಕಾರಿಯ ಕಡೆ ತಿರುಗಿದರು.

ಅಧಿಕಾರಿ ಸತ್ಯವಂತ. "ಆಗಲ್ಲ ಮೇಡಂ" ಎಂದುಬಿಟ್ಟರು.

ಯಜಮಾನರ ಮುಖ ಕೆಂಪಡರಿತು. "ಸಹಿ ಹಾಕ್ತೀರೋ ಇಲ್ವೋ?"

"ಇಲ್ಲ."

"ಹಾಕೋರನ್ನ ನೇಮಿಸ್ಕೋತೀನಿ."

"ನೇಮಿಸ್ಕೊಳ್ಳಿ. ನಾನು ಹೋಗ್ತಾ ಈ ಚಿಕ್ಕ ಲೋಟ ಇಲ್ಲೇ ಬಿಟ್ಟು ಹೋಗ್ತೀನಿ, ಅವರಿಗೂ ತೋರಿಸಿ."

ಹುಡುಗಾಟದ ವಯಸ್ಸಿನಿಂದಲೂ ಯಜಮಾನರ ಅಂಗಾಲಿಗೆ ಪರಿಚಿತವಾದ ಬಿಸಿ ನೆಲದಿಂದ ಏರುತ್ತಿತ್ತು. ಕುಲುಮೆಯೆಂದರೆ ಒಲೆಯಲ್ಲ, ಬೇಕೆಂದಾಗ ಆರಿಸಿ ಬೇಕೆಂದಾಗ ಹಚ್ಚಲು; ಒಮ್ಮೆ ತಣ್ಣಗಾದರೆ ಕರಗಿದ ಗಾಜು ಒಳಗೇ ಹೆಪ್ಪುಗಟ್ಟಿ ಅದೊಂದು ಮನೆಗಾತ್ರದ ಬಂಡೆ. ಒತ್ತೆ ಇಟ್ಟದ್ದು ಬ್ಯಾಂಕಿನ ಕೈಗೆ ಹೋದರೆ ಬ್ಯಾಂಕಿನವರು ಊದುಗೊಳವೆ ಹಿಡಿದು ಕೂರುತ್ತಾರೆಯೇ? ಯಜಮಾನರು ಇದನ್ನು ಬಲ್ಲರು. ಬಲ್ಲರೆಂಬುದೇ ಅವರ ಸಂಕಟ. ಒಂದು ಕಡೆ ದಾಯಾದಿಯ ಆ ನಗೆ, ಇನ್ನೊಂದು ಕಡೆ ಅಂಗಾಲಿನ ಈ ಬಿಸಿ. ಎದುರಿಗೆ, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು, ಕಂಬದ ಹಾಗೆ ಅಲ್ಲಾಡದೆ ನಿಂತ ಹೆಂಗಸು.

ಮೊದಲು ಬಾಯಿಬಿಟ್ಟವಳು ತಂಗಿ. "ಅಣ್ಣಾ, ನನ್ನ ಹತ್ರ ಒಂದಿಷ್ಟು ದುಡ್ಡಿದೆ. ಹೊಸ ಷೇರು ಕೊಡು, ಹಾಕ್ತೀನಿ. ಹಳೇ ಸಾಲ ಸ್ವಲ್ಪ ಇಳಿಯಲಿ."

"ಆಗ ಕಂಪನೀಲಿ ನಿನ್ನ ಪಾಲು ಜಾಸ್ತಿ ಆಗುತ್ತಲ್ಲೇ!"

"ಆಗಲಿ ಅಂತಾನೇ ಹೇಳ್ತಿರೋದು."

ಯಜಮಾನರು ತಂಗಿಯನ್ನು ನೋಡಿದರು, ಮೇಡಂ ಅವರನ್ನು ನೋಡಿದರು, ಕೊನೆಗೆ ಅಧಿಕಾರಿಯ ಕೈಯಿಂದ ಪೆನ್ನು ಇಸಿದುಕೊಂಡು, ಮುಚ್ಚಳ ಹಾಕಿ, ಅವರ ಜೇಬಿಗೇ ಸಿಕ್ಕಿಸಿದರು. ದಾಯಾದಿಯ ಕಾರ್ಖಾನೆ ಯಾರ ಪಾಲಾಯಿತೋ ಆಯಿತು. ಒಂದು ವಾರ ಯಜಮಾನರು ಯಾರೊಡನೆಯೂ ಮುಖಕೊಟ್ಟು ಮಾತಾಡಲಿಲ್ಲ. ಕುಲುಮೆ ಉರಿಯುತ್ತಲೇ ಇತ್ತು.

ಆದರೆ ಕಾರ್ಖಾನೆಯ ಬಾಯಿಗೆ ಬೀಗ ಹಾಕುವವರಾರು? ಸಾಲದ ಮಹಾಪ್ರವಾದಿನಿ ಸಾಲಕ್ಕೆ ಎಳ್ಳುನೀರು ಬಿಟ್ಟದ್ದಕ್ಕೆ ನೂರೆಂಟು ಕಾರಣಗಳು ಹುಟ್ಟಿದವು. ಮಧ್ಯರಾತ್ರಿ ಯಜಮಾನರ ತಂದೆ ಕನಸಿನಲ್ಲಿ ಬಂದು ಗದರಿದರು ಎಂದವರುಂಟು. ಬ್ಯಾಂಕಿನವರು ಅವರಿಗೆ ಕೆಟ್ಟ ಚಹಾ ಕೊಟ್ಟು ಕೆರಳಿಸಿದರು ಎಂದವರುಂಟು. ತಂಗಿಯ ಜೊತೆ ಒಳಸಂಚು ಎಂದು ಕಣ್ಣು ಹೊಡೆದವರೂ ಉಂಟು. ನಮ್ಮ ತೊಂದರೆಯೇ ಇದು. ಯಾರೋ ಒಂದು ಲೆಕ್ಕ ಹೇಳಿದರೆ ನಾವು ಅದನ್ನು ಸಿದ್ಧಾಂತವೆಂದು ಎದೆಗೆ ಅಪ್ಪಿಕೊಳ್ಳುತ್ತೇವೆ, ಆಮೇಲೆ ಅದಕ್ಕೆ ಕಾವಲು ನಿಲ್ಲುತ್ತೇವೆ. ಲೆಕ್ಕ ಹೇಳಿದವರು ಮಾತ್ರ ಅಂಕಿ ಬದಲಾದ ದಿನ ಉತ್ತರವನ್ನೂ ಬದಲಾಯಿಸಿ, ನಮ್ಮ ಕಾವಲಿನ ನಡುವೆಯೇ ಹಾದು, ತಮ್ಮ ಪಾಡಿಗೆ ಹೊರಟುಬಿಡುತ್ತಾರೆ. ಅವರ ಹಟ ಉತ್ತರದ ಮೇಲಿನದಲ್ಲ, ಲೆಕ್ಕದ ಮೇಲಿನದು. ಅಂಥವರನ್ನು ಲೋಕ ಒಮ್ಮೆ ಮೊಂಡರೆನ್ನುತ್ತದೆ, ಇನ್ನೊಮ್ಮೆ ಚಂಚಲರೆನ್ನುತ್ತದೆ.

ವಾರ ಕಳೆದು ಸಿಟ್ಟಿಳಿದ ಮೇಲೆ ಯಜಮಾನರು ತಾವಾಗಿಯೇ ಮೇಡಂ ಕೋಣೆಗೆ ಹೋದರು. ಬಾಗಿಲು ಮುಚ್ಚಿ, ದನಿ ತಗ್ಗಿಸಿ, ಒಂದು ದೊಡ್ಡ ಆತ್ಮಕಥೆ ಕೇಳಲು ಸಿದ್ಧರಾಗಿ ಕುರ್ಚಿ ಎಳೆದುಕೊಂಡು ಕುಳಿತರು.

"ಅಲ್ಲ ಮೇಡಂ, ಇಷ್ಟು ವರ್ಷ ನಂಬಿದ್ದನ್ನ ಒಂದೇ ಏಟಿಗೆ ಬಿಡೋದು ಅಂದ್ರೆ... ನಿಜ ಹೇಳಿ, ನಿಮ್ಮೊಳಗೆ ಏನಾಯ್ತು?"

ಮೇಡಂ ಕೆಲಸದಿಂದ ತಲೆಯೆತ್ತಿ ಅವರನ್ನು ಕೊಂಚ ಕನಿಕರದಿಂದಲೇ ನೋಡಿದರು.

"ನನ್ನೊಳಗೆ ಏನೂ ಆಗಿಲ್ಲ ಯಜಮಾನ್ರೇ. ತೆರಿಗೆ ಕಮ್ಮಿ ಆಯ್ತು. ಪೇಪರಲ್ಲೂ ಬಂದಿತ್ತಲ್ಲ."